ಪೈಥಾನ್‌ನಲ್ಲಿ ಎಕ್ಸ್‌ಎಂಎಲ್: ಸಾಲು ಬಿಡಿಸುವುದು ಹೇಗೆ, ಎಲ್ಲಿ ಬೇಡ

ಪೈಥಾನ್‌ನ ಎಲಿಮೆಂಟ್‌ಟ್ರೀ ಬಳಸಿ ಕನ್ನಡ ಪುಸ್ತಕಗಳ ಪಟ್ಟಿಯೊಂದನ್ನು ಎಕ್ಸ್‌ಎಂಎಲ್ ಮಾಡಿ ನೋಡಿ. ಇಡೀ ಪಟ್ಟಿ ಒಂದೇ ಸಾಲಿನಲ್ಲಿ ಬಂದು ಬೀಳುತ್ತದೆ. ಅದಕ್ಕಿಂತ ಕಿರಿಕಿರಿಯ ಸಂಗತಿಯೆಂದರೆ ಅದರಲ್ಲಿ ಕನ್ನಡವೇ ಕಾಣುವುದಿಲ್ಲ: ‘ಕ’ ಇರಬೇಕಾದ ಕಡೆ &#3221; ಎಂದಿರುತ್ತದೆ.

ಇದು ದೋಷವಲ್ಲ. ಎನ್‌ಕೋಡಿಂಗ್ ಯಾವುದೆಂದು ನಾವು ಹೇಳದಿದ್ದರೆ ‘ಟುಸ್ಟ್ರಿಂಗ್’ ಫಂಕ್ಷನ್ ಆಸ್ಕಿಯನ್ನೇ ಹಿಡಿಯುತ್ತದೆ. ಆಸ್ಕಿಯ 128 ಸಂಕೇತಗಳಲ್ಲಿ ಕನ್ನಡಕ್ಕೆ ಜಾಗವಿಲ್ಲ, ಹಾಗಾಗಿ ಅಕ್ಷರದ ಬದಲು ಅದರ ಯೂನಿಕೋಡ್ ಸಂಖ್ಯೆ ಬರುತ್ತದೆ. ಕಂಪ್ಯೂಟರ್ ಅದನ್ನು ‘ಕ’ ಎಂದೇ ಓದಿಕೊಳ್ಳುತ್ತದೆ, ಕಷ್ಟ ನಮಗೆ. ಯುಟಿಎಫ್-8ರಲ್ಲಿ 3 ಬೈಟ್ ಹಿಡಿಯುವ ಅಕ್ಷರ ಇಲ್ಲಿ 7 ಬೈಟ್ ತಿನ್ನುತ್ತದೆ ಕೂಡ. ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದುಕೊಟ್ಟರೆ ಈ ತಾಪತ್ರಯ ಮುಗಿಯಿತು.

ಸಾಲು ಬಿಡಿಸಲು 2020ರಲ್ಲಿ ಬಂದ 3.9 ಆವೃತ್ತಿಯಿಂದ ‘ಇಂಡೆಂಟ್’ ಫಂಕ್ಷನ್ ಇದೆ. ಹಂತಕ್ಕೆ 2 ಸ್ಪೇಸ್‌ನಂತೆ ಒಳಕ್ಕೆ ಸರಿಸುತ್ತದೆ. 4 ಬೇಕೆಂದರೂ ಟ್ಯಾಬ್ ಬೇಕೆಂದರೂ ಹೇಳಬಹುದು. ಅದು ಹೊಸ ಪ್ರತಿ ಕೊಡುವುದಿಲ್ಲ, ಕೊಟ್ಟ ಟ್ರೀಯನ್ನೇ ತಿದ್ದುತ್ತದೆ ಎಂಬುದು ನೆನಪಿರಲಿ. ಪೈಥಾನ್‌ನದೇ ಹಳೆಯ ಮಿನಿಡಾಮ್ ಮಾಡ್ಯೂಲ್‌ನ ದಾರಿಯನ್ನು ನಾನಂತೂ ಹೇಳುವುದಿಲ್ಲ: ಒಮ್ಮೆ ಸಾಲು ಬಿಡಿಸಿದ ಕಡತವನ್ನು ಅದಕ್ಕೆ ಮತ್ತೆ ಕೊಟ್ಟರೆ ನಡುನಡುವೆ ಖಾಲಿ ಸಾಲುಗಳು ತುಂಬಿಕೊಳ್ಳುತ್ತವೆ.

ಅನೇಕರು ಇದನ್ನೆಲ್ಲ ಬರೀ ಅಲಂಕಾರ ಅಂದುಕೊಳ್ಳುತ್ತಾರೆ. ಆದರೆ ಎಕ್ಸ್‌ಎಂಎಲ್ ನಿಯಮದಂತೆ ಟ್ಯಾಗ್‌ಗಳ ನಡುವಿನ ಖಾಲಿ ಜಾಗವೂ ಮಾಹಿತಿಯೇ; ಪಾರ್ಸರ್ ಅದನ್ನು ನುಂಗುವಂತಿಲ್ಲ, ಪ್ರೋಗ್ರಾಂಗೆ ಒಪ್ಪಿಸಲೇಬೇಕು. ಈ ಸಾಲು ನೋಡಿ:

<ಸಾಲು><ದಪ್ಪ>ಬೆಂಗ</ದಪ್ಪ><ಓರೆ>ಳೂರು</ಓರೆ></ಸಾಲು>

ಇಂಡೆಂಟ್ ಮಾಡಿದರೆ ಎರಡು ಟ್ಯಾಗ್‌ಗಳ ನಡುವೆ ಹೊಸ ಸಾಲು ನುಸುಳುತ್ತದೆ. ಪುಟದ ಮೇಲೆ ಅದು ‘ಬೆಂಗ ಳೂರು’ ಆಗಿಬಿಡಬಹುದು. ವಿಳಾಸ, ಬೆಲೆಗಳಂಥ ಬಿಡಿಬಿಡಿ ಮಾಹಿತಿಗೆ ಈ ಅಪಾಯ ಕಡಿಮೆ. ಕತೆ, ಲೇಖನದ ಪಠ್ಯಕ್ಕೆ ಹೆಚ್ಚು.

ಡಿಜಿಟಲ್ ಸಹಿ ಇರುವ ಕಡತದ ವಿಷಯ ಇನ್ನೂ ಬಿಗಿ. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಕಡತ ಅಂಥದ್ದು. ಸಹಿಯ ಲೆಕ್ಕದಲ್ಲಿ ಸ್ಪೇಸ್‌ಗಳೂ ಸೇರಿರುವುದರಿಂದ, ಓದಲು ಅನುಕೂಲವಾಗಲೆಂದು ಸಾಲು ಬಿಡಿಸಿ ಸೇವ್ ಮಾಡಿದರೆ ಸಹಿ ತಾಳೆಯಾಗುವುದಿಲ್ಲ.

ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಹೋಗುವ ಎಕ್ಸ್‌ಎಂಎಲ್ ಒಂದೇ ಸಾಲಿನಲ್ಲಿರಲಿ ಬಿಡಿ. ಜನ ತೆರೆದು ಓದುವುದಕ್ಕೆ ಮಾತ್ರ ಇಂಡೆಂಟ್ ಮಾಡಿ, ಅದೂ ಸಹಿ ಹಾಕುವ ಮೊದಲು.