ನಿಮಗಿದು ಗೊತ್ತೆ? ಬೇಗ ಹಬ್ಬುವ ಹವಳ ತೊಟ್ಟಿಯಲ್ಲೇ ಇರಲಿ

ಮನೆಯ ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೆದುಹವಳ ಬೇಗ ಹಬ್ಬಿದರೆ ತೊಟ್ಟಿ ಚೆನ್ನಾಗಿದೆ ಎಂದು ಹಿಗ್ಗುತ್ತೇವೆ. ಆದರೆ ಆ ವೇಗವೇ ಅಪಾಯ. ಗ್ರೀನ್ ಸ್ಟಾರ್ ಪಾಲಿಪ್ ಎಂಬ ಮೆದುಹವಳ ನೇರಳೆ ಬಣ್ಣದ ಚಾಪೆಯಂತೆ ಕಲ್ಲನ್ನು ಮುಚ್ಚಿ, ಗಾಜಿನ ಗೋಡೆಯನ್ನೂ ಏರುತ್ತದೆ. ನಿಧಾನವಾಗಿ ಬೆಳೆಯುವ ನೆರೆಯ ಹವಳಗಳಿಗೆ ಜಾಗವೇ ಉಳಿಯುವುದಿಲ್ಲ. ಕಿತ್ತರಾಯಿತು ಎನ್ನುವಂತಿಲ್ಲ, ಉಳಿದ ಚೂರು ಮತ್ತೆ ಚಿಗುರುತ್ತದೆ. ಹಿಂದೂ ಮಹಾಸಾಗರ–ಪೆಸಿಫಿಕ್ ವಲಯದ ಯುನೋಮಿಯಾ ಎಂಬ ಮೆದುಹವಳ ಅಕ್ವೇರಿಯಂ ವ್ಯಾಪಾರದ ಮೂಲಕ ವೆನೆಜುವೆಲಾದ ಕಡಲು ಸೇರಿ, ಮೊಚಿಮಾ ರಾಷ್ಟ್ರೀಯ ಉದ್ಯಾನದ ಸ್ಥಳೀಯ ಹವಳಗಳನ್ನು ಆವರಿಸಿತು. 2020ರಲ್ಲಿ ಹವಾಯಿಯ ಪರ್ಲ್ ಹಾರ್ಬರ್‌ನಲ್ಲೂ ಕಾಣಿಸಿತು.

ಬೈಲಹೊಂಗಲ, ಸವದತ್ತಿಗೆ ಕಡಲೇ ಇಲ್ಲವಲ್ಲ, ಚಿಂತೆ ಯಾಕೆ ಎನ್ನಬಹುದು. ನಿಜ, ನವಿಲುತೀರ್ಥದ ಮಲಪ್ರಭೆಯ ಸಿಹಿನೀರಿನಲ್ಲಿ ಕಡಲ ಹವಳ ಬದುಕದು. ಆದರೆ ತೊಟ್ಟಿಯದನ್ನು ಹೊಳೆಗೆ ಸುರಿಯುವ ರೂಢಿ ಹವಳಕ್ಕೆ ನಿಲ್ಲುವುದಿಲ್ಲ. ಸಿಹಿನೀರಿನ ಅಕ್ವೇರಿಯಂನ ಸಕರ್ ಮೀನು ಹೀಗೆಯೇ ನಮ್ಮ ದೇಶದ ಕೆರೆ–ಹೊಳೆಗಳಲ್ಲಿ ಬೇರೂರಿದೆ. ಪ್ರವಾಸಕ್ಕೆ ಹೋದಾಗ ತೊಟ್ಟಿಯ ಹವಳವನ್ನು ಮುರುಡೇಶ್ವರದ ಕಡಲಿಗೆ ಬಿಟ್ಟರಂತೂ ನೇತ್ರಾಣಿ ದ್ವೀಪದ ಹವಳಗಳಿಗೇ ಕುತ್ತು. ಅಲ್ಲಿನ ಗಟ್ಟಿಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ.

ಹಬ್ಬುವ ಹವಳವನ್ನು ಬೇರೆ ಕಲ್ಲುಗಳಿಗೆ ತಾಗದಂತೆ ಒಂಟಿ ಕಲ್ಲಿನ ಮೇಲಿಡಿ. ಬೇಡವಾದ ಕಲ್ಲನ್ನು ಕುದಿಸಲೇಬೇಡಿ: ಕೆಲವು ಜೊವಾಂತಿಡ್ ಹವಳಗಳ ಪ್ಯಾಲಿಟಾಕ್ಸಿನ್ ವಿಷ ಹಬೆಯೊಂದಿಗೆ ಶ್ವಾಸಕೋಶ ಸೇರಿ ಆಸ್ಪತ್ರೆಗೆ ಅಟ್ಟಬಲ್ಲದು. ತೊಟ್ಟಿಯ ಯಾವ ಜೀವಿಯನ್ನೂ ಕೆರೆ, ಹೊಳೆ, ಕಡಲಿಗೆ ಬಿಡಬೇಡಿ.