ಕೆರೆಗೆ ಬಿಡುವ ಮೀನುಮರಿಗಳ ಜಾತಿಯನ್ನು ಗುರುತಿಸುವ ಕ್ರಮ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಕೆರೆಗಳಲ್ಲಿ ಬಹುಪಾಲು ಮಳೆಯನ್ನೇ ನಂಬಿದವುಗಳಾಗಿವೆ. ಹೇಮಾವತಿ ನಾಲೆಯ ನೀರನ್ನು ಪಡೆಯುವ ಕಳ್ಳಂಬೆಳ್ಳ, ಶಿರಾ ಕೆರೆಗಳಂಥವನ್ನು ಬಿಟ್ಟರೆ, ಅನೇಕ ಕೆರೆಗಳಲ್ಲಿ ನೀರು ನಿಲ್ಲುವುದು ಕೆಲವೇ ತಿಂಗಳು. ಇಂಥ ಕಡೆ ಮೀನು ಸಾಕಲಪೇಕ್ಷಿಸುವ ಗ್ರಾಮಸ್ಥರು ಮರಿಗಳನ್ನು ಕೊಳ್ಳುವಾಗ ಜಾತಿಯಲ್ಲಿ ಮೋಸಹೋದರೆ, ಅದು ಕೆರೆ ಬತ್ತಿ ಬಲೆ ಬೀಸುವವರೆಗೂ ಹೊರಬೀಳದು.

ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಗೆಂಡೆ ಜಾತಿಗಳು ಮೂಲತಃ ಗಂಗಾನದಿಯ ಸೀಮೆಯವು. ನಿಂತ ನೀರಿನಲ್ಲಿ ಇವು ತಾವಾಗಿ ಮೊಟ್ಟೆಯಿಡುವುದಿಲ್ಲ. 1957ರಲ್ಲಿ ಕಟಕದಲ್ಲಿ ಹೀರಾಲಾಲ್ ಚೌಧುರಿಯವರೂ ಅವರ ಸಂಗಡಿಗರೂ ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಮೊಟ್ಟೆಯಿಡಿಸಿದ ತರುವಾಯ ಮರಿಗಳ ಉತ್ಪತ್ತಿ ಸುಲಭವಾಯಿತು. ಆದರೂ ಕೆರೆಯವರು ಪ್ರತಿ ಸಲವೂ ಕೊಂಡೇ ತರಬೇಕು.

ಕಾಟ್ಲಾ ಮೇಲ್ನೀರಿನಲ್ಲಿಯೂ, ರೋಹು ನಡುನೀರಿನಲ್ಲಿಯೂ, ಮೃಗಾಲ್ ತಳದಲ್ಲಿಯೂ ಮೇಯತಕ್ಕವು. ಒಂದೇ ಜಾತಿಯನ್ನು ತುಂಬಿದರೆ ಒಂದು ಪದರದ ಆಹಾರಕ್ಕೆ ನೂಕಾಟ, ಉಳಿದುದು ವ್ಯರ್ಥ. ಕಾಟ್ಲಾ ಎಲ್ಲಕ್ಕಿಂತ ಬೇಗ ಬೆಳೆದು, ಅನುಕೂಲವಾದ ನೀರಿನಲ್ಲಿ ವರ್ಷದೊಳಗೆ 1 ಕಿಲೋಗ್ರಾಮನ್ನು ಮೀರುವುದುಂಟು. ಮೃಗಾಲ್ ನಿಧಾನವಾಗಿ ಬೆಳೆಯುವುದಲ್ಲದೆ ತಳ ಹಿಡಿದಿರುವುದರಿಂದ ಬಲೆಗೂ ಸುಲಭವಾಗಿ ಸಿಕ್ಕದು. ಆರೆಂಟು ತಿಂಗಳ ನೀರಿನ ಕೆರೆಗೆ ಕಾಟ್ಲಾ ಎಂದು ಹಣ ತೆತ್ತು ಮೃಗಾಲ್ ತಂದವರ ನಷ್ಟವನ್ನು ಹೇಳಬೇಕಾದುದಿಲ್ಲ.

ಅಂಗುಲಕ್ಕಿಂತ ಚಿಕ್ಕ ಮರಿಗಳನ್ನು ಗುರುತಿಸುವುದು ಪಳಗಿದವರಿಗೂ ಕಷ್ಟ. ಬೆರಳುದ್ದದ ಮರಿಗಳನ್ನೇ ಕೇಳಿ, ಇಪ್ಪತ್ತನ್ನಾದರೂ ಬಿಳಿಯ ಬೋಗುಣಿಯ ನೀರಿಗೆ ಬಿಟ್ಟು ಹಗಲು ಬೆಳಕಿನಲ್ಲಿ ನೋಡತಕ್ಕದ್ದು. ಕಾಟ್ಲಾ ಮರಿಯ ತಲೆ ದೊಡ್ಡದು, ಬಾಯಿ ಮೇಲ್ಮುಖ, ಮೀಸೆಯಿಲ್ಲ. ಕಿವಿರು ಮುಚ್ಚಳದಲ್ಲಿ ಕೆಂಪು ಛಾಯೆ ತೋರುವುದು, ಬಾಲದ ಬುಡದಲ್ಲಿ ಎದ್ದುಕಾಣುವ ಮಚ್ಚೆ ಇರುವುದಿಲ್ಲ. ಇದರಲ್ಲಿ ತಪ್ಪುವವರು ವಿರಳ.

ತೊಡಕಿರುವುದು ರೋಹು, ಮೃಗಾಲ್‌ಗಳಲ್ಲಿ. ಬಾಲದ ಕೆಳಹೋಳಿನ ಕೆಂಪನ್ನು ನೋಡಿ ಮೃಗಾಲ್ ಎನ್ನುವ ರೂಢಿಯುಂಟು. ರೋಹುವಿನ ಈಜುರೆಕ್ಕೆಗಳಿಗೂ ಕೆಂಪು ಬರುವುದರಿಂದ ಬಣ್ಣವೊಂದನ್ನೇ ನಂಬಲಾಗದು. ಬಾಲದ ಬುಡವನ್ನು ನೋಡುವುದು ಲೇಸು. ಅಲ್ಲಿ ಕಪ್ಪು ಗುರುತು ಅಡ್ಡಪಟ್ಟಿಯಂತಿದ್ದರೆ ರೋಹು. ವಜ್ರದ ಹರಳಿನಂತೆ ಮೂಲೆಗಳುಳ್ಳದ್ದಾದರೆ ಮೃಗಾಲ್. ಸಂಶಯ ಉಳಿದರೆ ತುಟಿಯನ್ನು ಪರೀಕ್ಷಿಸಬೇಕು: ರೋಹುವಿನ ತುಟಿಯಂಚು ಸೆರಗಿನ ಕುಚ್ಚಿನಂತೆ ಸೀಳುಸೀಳಾಗಿರುವುದು, ಮೃಗಾಲಿನದು ತೆಳುವಾಗಿ ನಯವಾಗಿರುವುದು. ಮೃಗಾಲಿನ ಮೈಯೂ ಹೆಚ್ಚು ನೀಳ.

ಎರಡು ಜೊತೆ ಮೀಸೆಯೂ ಉದ್ದವಾದ ಬೆನ್ನುರೆಕ್ಕೆಯೂ ಇದ್ದರೆ ಅದು ಸಾಮಾನ್ಯ ಗೆಂಡೆ. ಇದು ಕೆರೆಯಲ್ಲಿಯೇ ಮರಿಮಾಡುವುದು, ಬಂದರೆ ಹಾನಿಯಿಲ್ಲ.

ನಾಲ್ಕು ಜೊತೆ ನೀಳ ಮೀಸೆಗಳುಳ್ಳ, ಹುರುಪೆಯಿಲ್ಲದ ಮರಿಯ ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಸಲ್ಲದು. ಅದು ಆಫ್ರಿಕಾದ ಕ್ಯಾಟ್‌ಫಿಶ್ ಆಗಿದ್ದರೆ, ಇತರ ಮೀನುಗಳನ್ನು ನುಂಗಿ ಬೆಳೆಯುವುದು. ಅದರ ಸಾಕಣೆಯನ್ನು ಭಾರತ ಸರ್ಕಾರವು 2000ರಲ್ಲಿಯೇ ನಿಷೇಧಿಸಿದೆ. ಊರಿನ ಮುರುಗೋಡು ಮೀನಿಗೂ ಅಷ್ಟೇ ಮೀಸೆಗಳಿರುವುದರಿಂದ ಮರಿಯಲ್ಲಿ ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲ. ಗೆಂಡೆಯ ಚೀಲದಲ್ಲಿ ಅಂಥದು ಒಂದು ಕಂಡರೂ ಚೀಲವನ್ನೇ ಹಿಂದಿರುಗಿಸತಕ್ಕದ್ದು. ಕೋಡಿ ಬಿದ್ದ ವರ್ಷ ಅದು ಒಂದು ಕೆರೆಯಿಂದ ಕೆಳಗಿನ ಕೆರೆಗೂ, ಅಲ್ಲಿಂದ ಜಯಮಂಗಲಿಗೂ ಇಳಿದೀತು.