ಕಾರಿನ ಆರ್‌ಪಿಎಂ ಏರಿ ಮೈಲೇಜ್ ಇಳಿದಿದೆಯೇ? ಥರ್ಮೋಸ್ಟಾಟ್ ತೆಗೆಸುವ ಮೊದಲು ಇದನ್ನು ಓದಿ

"ನಮ್ಮದು ಬಿಸಿಲಿನ ದೇಶ, ಎಂಜಿನ್‌ಗೆ ಥರ್ಮೋಸ್ಟಾಟ್ ಬೇಡ, ತೆಗೆಸಿಬಿಡಿ." "ಬ್ಯಾಟರಿ ವೈರ್ ಹತ್ತು ನಿಮಿಷ ಬಿಚ್ಚಿಟ್ಟರೆ ಮೈಲೇಜ್ ವಾಪಸ್ ಬರುತ್ತದೆ." "ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿ, ಪೆಟ್ರೋಲ್ ಉಳಿಸಿ." ಪೋಲೊ ಜಿಟಿ, ಆಕ್ಟೇವಿಯಾ ವಿಆರ್‌ಎಸ್, ಐ20 ಎನ್ ಲೈನ್‌ನಂಥ ಟರ್ಬೊ ಪೆಟ್ರೋಲ್ ಕಾರು ಇರುವವರ ವಾಟ್ಸ್ಆಪ್ ಗುಂಪುಗಳಲ್ಲಿ ಇಂಥ ಸಲಹೆಗಳು ಓಡಾಡುತ್ತಲೇ ಇರುತ್ತವೆ. ಇವುಗಳಲ್ಲಿ ಮೊದಲನೆಯದು ಕಾರನ್ನು ಕೆಡಿಸುತ್ತದೆ, ಎರಡನೆಯದು ದೋಷವನ್ನು ಮುಚ್ಚಿಡುತ್ತದೆ, ಮೂರನೆಯದು ಜೀವಕ್ಕೇ ಅಪಾಯ. ಏಕೆ ಎಂದು ಒಂದೊಂದಾಗಿ ನೋಡೋಣ.

ಆರ್‌ಪಿಎಂ ಹೆಚ್ಚಾಗುವುದು ಯಾವಾಗ?

ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮುಳ್ಳು 1,200ರಿಂದ 1,500ರವರೆಗೆ ಏರಿ, ಸ್ವಲ್ಪ ಹೊತ್ತಿನಲ್ಲಿ ಇಳಿದರೆ ಅದು ದೋಷವಲ್ಲ. ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಎಂದು ಕಂಪ್ಯೂಟರೇ ಹಾಗೆ ಮಾಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್ ಇದ್ದಾಗ, ಹೆಚ್ಚಿನ ಪೆಟ್ರೋಲ್ ಕಾರುಗಳು 700ರಿಂದ 900ರೊಳಗೆ ನಿಲ್ಲುತ್ತವೆ. ಆಗಲೂ ಇಳಿಯದಿದ್ದರೆ ಹುಡುಕಬೇಕು.

ಓಡುವಾಗ ಮಾತ್ರ ಹೆಚ್ಚು ಎನಿಸಿದರೆ ಲೆಕ್ಕ ಬೇರೆ. ಮ್ಯಾನುವಲ್ ಕಾರಿನಲ್ಲಿ ಒಂದೇ ಗೇರಿನಲ್ಲಿ ವೇಗಕ್ಕೂ ಆರ್‌ಪಿಎಂಗೂ ಬಿಗಿಯಾದ ನಂಟಿದೆ. ಟೈರಿನ ಸುತ್ತಳತೆ 1.95 ಮೀಟರ್ ಎಂದುಕೊಳ್ಳಿ. ಗಂಟೆಗೆ 100 ಕಿ.ಮೀ. ಎಂದರೆ ನಿಮಿಷಕ್ಕೆ 1,667 ಮೀಟರ್, ಅಂದರೆ ಚಕ್ರ ಸುಮಾರು 855 ಸುತ್ತು. ಗೇರುಗಳ ಒಟ್ಟು ಅನುಪಾತ 3.5 ಆದರೆ ಎಂಜಿನ್ ಸುಮಾರು 3,000 ಆರ್‌ಪಿಎಂನಲ್ಲಿರುತ್ತದೆ. ವೇಗವಾಗಿ ಜಿಗಿಯಲಿ ಎಂದು ಕೆಲವು ಪರ್ಫಾರ್ಮೆನ್ಸ್ ಕಾರುಗಳಿಗೆ ಈ ಅನುಪಾತವನ್ನು ಹೆಚ್ಚಿಟ್ಟಿರುತ್ತಾರೆ. ಕೊಂಡ ದಿನದಿಂದ 100ರಲ್ಲಿ 3,000 ತೋರಿಸುತ್ತಿದ್ದ ಕಾರು ಇಂದೂ ಅಷ್ಟೇ ತೋರಿಸಿದರೆ ರಿಪೇರಿಗೆ ಏನೂ ಇಲ್ಲ.

ಅದೇ ಗೇರು, ಅದೇ ವೇಗ, ಆದರೆ ಮೊದಲಿಗಿಂತ ಹೆಚ್ಚು ಆರ್‌ಪಿಎಂ ಎಂದಾದರೆ ಕ್ಲಚ್ ಜಾರುತ್ತಿದೆ. ಖಾಲಿ ಸಮತಟ್ಟು ರಸ್ತೆಯಲ್ಲಿ, ನಾಲ್ಕನೇ ಗೇರಿನಲ್ಲಿ 50-60ರ ವೇಗದಿಂದ ಆಕ್ಸಿಲರೇಟರ್ ಪೂರ್ತಿ ತುಳಿದರೆ ಗೊತ್ತಾಗುತ್ತದೆ: ಮುಳ್ಳು ಜಿಗಿಯುತ್ತದೆ, ಕಾರು ಜಿಗಿಯುವುದಿಲ್ಲ. ಈ ಪರೀಕ್ಷೆ ಒಮ್ಮೆ ಸಾಕು, ಪದೇ ಪದೇ ಮಾಡಿದರೆ ಕ್ಲಚ್ ಇನ್ನಷ್ಟು ಸುಡುತ್ತದೆ. ಪೆಟ್ರೋಲಿನ ಶಕ್ತಿ ಚಕ್ರಕ್ಕೆ ಹೋಗದೆ ಪ್ಲೇಟಿನಲ್ಲಿ ಬಿಸಿಯಾಗಿ ಹೋಗುವುದರಿಂದ ಮೈಲೇಜೂ ಬೀಳುತ್ತದೆ. ರೀಮ್ಯಾಪ್ ಮಾಡಿಸಿ ಟಾರ್ಕ್ ಏರಿಸಿದ ಕಾರುಗಳಲ್ಲಿ ಹಳೆಯ ಕ್ಲಚ್ ಆ ಬಲ ತಡೆಯದೆ ಜಾರುವುದು ಸಾಮಾನ್ಯ.

ಆಟೊಮ್ಯಾಟಿಕ್ ಆದರೆ ಮೊದಲು ಸ್ಪೋರ್ಟ್ ಮೋಡ್ ನೋಡಿ. ಆ ಮೋಡ್‌ನಲ್ಲಿ ಗೇರ್‌ಬಾಕ್ಸ್ ಬೇಕೆಂದೇ ಕೆಳಗಿನ ಗೇರಿನಲ್ಲಿ ಉಳಿಯುತ್ತದೆ. ಲಿವರ್ ಅರಿವಿಲ್ಲದೆ 'ಎಸ್'ಗೆ ಜಾರಿದ್ದರೂ ಹೀಗೇ ಆಗುತ್ತದೆ.

ಥರ್ಮೋಸ್ಟಾಟ್ ನಿಜಕ್ಕೂ ಏನು ಮಾಡುತ್ತದೆ?

ಕೂಲೆಂಟ್ ಸುಮಾರು 80-90 ಡಿಗ್ರಿಗೆ ಬರುವವರೆಗೆ ಥರ್ಮೋಸ್ಟಾಟ್ ರೇಡಿಯೇಟರ್ ದಾರಿಯನ್ನು ಮುಚ್ಚಿಡುತ್ತದೆ. ಹೊರಗೆ 35 ಡಿಗ್ರಿ ಬಿಸಿಲಿದ್ದರೂ ಅದು 90ಕ್ಕಿಂತ 55 ಡಿಗ್ರಿ ತಂಪು. ಹೈವೇಯಲ್ಲಿ ಆ ಗಾಳಿ ಬಡಿದರೆ ಥರ್ಮೋಸ್ಟಾಟ್ ಇಲ್ಲದ ಎಂಜಿನ್ ಬೇಕಾದ ಬಿಸಿಗೆ ಬರುವುದೇ ಕಷ್ಟ. ಕಂಪ್ಯೂಟರ್ "ಎಂಜಿನ್ ಇನ್ನೂ ತಣ್ಣಗಿದೆ" ಎಂದು ತಿಳಿದು ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಐಡಲ್ ಏರಿಸಿಡುತ್ತದೆ. ಸುಡದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಆಯಿಲ್ ತೆಳುವಾಗಿಸುತ್ತದೆ, ಎಂಜಿನ್ ಬೇಗ ಸವೆಯುತ್ತದೆ.

ಅಂದರೆ, ಫಾರ್ವರ್ಡ್ ಯಾವ ತೊಂದರೆಗೆ ಮದ್ದು ಎನ್ನುತ್ತದೋ ಆ ತೊಂದರೆಯನ್ನೇ ಅದು ಹುಟ್ಟಿಸುತ್ತದೆ. ಥರ್ಮೋಸ್ಟಾಟ್ ತಾನಾಗಿಯೇ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡರೂ ಇದೇ ಲಕ್ಷಣ. ಮುಚ್ಚಿ ಸಿಕ್ಕಿಕೊಂಡರೆ ಮಾತ್ರ ಎಂಜಿನ್ ಅತಿಯಾಗಿ ಕಾಯುತ್ತದೆ. ಎರಡಕ್ಕೂ ಪರಿಹಾರ ಹೊಸದನ್ನು ಹಾಕಿಸುವುದೇ.

ಊಹೆ ಬೇಡ, ಓದಿ ನೋಡಿ

ಕಾರಿನ ಓಬಿಡಿ ಪೋರ್ಟ್‌ಗೆ ಸಿಕ್ಕಿಸುವ ಚಿಕ್ಕ ಬ್ಲೂಟೂತ್ ಸ್ಕ್ಯಾನರ್ ಮತ್ತು ಫೋನಿನ ಆಪ್ ಇದ್ದರೆ ಕೆಲವು ಅಂಕಿಗಳು ಬಹಳಷ್ಟು ಹೇಳುತ್ತವೆ.

ಕೂಲೆಂಟ್ ಉಷ್ಣತೆ: ಇಪ್ಪತ್ತು ನಿಮಿಷ ಓಡಿಸಿದ ಮೇಲೂ 70 ಡಿಗ್ರಿ ದಾಟದಿದ್ದರೆ ಥರ್ಮೋಸ್ಟಾಟ್ ಅಥವಾ ಉಷ್ಣತೆಯ ಸೆನ್ಸರ್ ಮೇಲೆ ಅನುಮಾನ. ಪಿ0128 ಕೋಡ್ ಬಂದರೆ ಅನುಮಾನ ಬಲವಾಗುತ್ತದೆ. ಡ್ಯಾಶ್‌ಬೋರ್ಡ್ ಮುಳ್ಳನ್ನೇ ನಂಬಬೇಡಿ. ಹಲವು ಕಾರುಗಳಲ್ಲಿ ಅದು ಸಣ್ಣ ಏರಿಳಿತಗಳನ್ನು ತೋರಿಸುವುದೇ ಇಲ್ಲ.

ಫ್ಯುಯೆಲ್ ಟ್ರಿಮ್: ಕಂಪ್ಯೂಟರ್ ಲೆಕ್ಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಕೊಡಬೇಕಾಗಿದೆ ಎಂಬ ತಿದ್ದುಪಡಿ. ಸಾಮಾನ್ಯವಾಗಿ ಪ್ಲಸ್-ಮೈನಸ್ ಶೇ 10ರೊಳಗಿದ್ದರೆ ಚಿಂತೆಯಿಲ್ಲ. ಐಡಲ್‌ನಲ್ಲಿ ಪ್ಲಸ್ 20 ಇದ್ದು, 2,500 ಆರ್‌ಪಿಎಂನಲ್ಲಿ ಸರಿಹೋದರೆ ಇನ್‌ಟೇಕ್ ಕಡೆ ಎಲ್ಲೋ ಗಾಳಿ ಒಳಸೋರುತ್ತಿರಬಹುದು. ಬಿರುಕು ಬಿಟ್ಟ ರಬ್ಬರ್ ಪೈಪ್, ಸಡಿಲ ಕ್ಲಿಪ್ ಹುಡುಕಿ. ಕೊಳಕಾದ ಥ್ರಾಟಲ್ ಬಾಡಿಯಿಂದಲೂ ಐಡಲ್ ಕೆಡುತ್ತದೆ.

ಟರ್ಬೊ ಕಾರುಗಳಲ್ಲಿ ಇನ್ನೊಂದು ಜಾಗವಿದೆ. ಟರ್ಬೊದಿಂದ ಎಂಜಿನ್‌ಗೆ ಹೋಗುವ ಪೈಪ್ ಸೀಳಿದರೆ ಒತ್ತಿದ ಗಾಳಿ ಹೊರಸೋರುತ್ತದೆ. ಎಳೆತ ಕುಂದುತ್ತದೆ, ಚಾಲಕ ಕೆಳಗಿನ ಗೇರಿನಲ್ಲಿ ಜಾಸ್ತಿ ತುಳಿಯುತ್ತಾನೆ, ಆರ್‌ಪಿಎಂ ಏರಿ ಮೈಲೇಜ್ ಇಳಿಯುತ್ತದೆ. ತುಳಿದಾಗ ಹೊಸದಾಗಿ 'ಉಸ್' ಎಂಬ ಸದ್ದು ಕೇಳಿದರೆ ಇಲ್ಲಿಂದ ಶುರು ಮಾಡಿ.

ಬ್ಯಾಟರಿ ಬಿಚ್ಚಿದರೆ ಈ ತಿದ್ದುಪಡಿಗಳೂ ಕೋಡ್‌ಗಳೂ ಅಳಿಸಿಹೋಗಬಹುದು. ಸೀಳಿದ ಪೈಪ್ ಮಾತ್ರ ಹಾಗೇ ಇರುತ್ತದೆ. ಮೆಕ್ಯಾನಿಕ್‌ಗೆ ಬೇಕಿದ್ದ ಸುಳಿವು ಹೋಗಿ, ಊಹೆಯ ಮೇಲೆ ಒಂದೊಂದೇ ಪಾರ್ಟ್ ಬದಲಿಸುವ ಖರ್ಚು ನಿಮ್ಮ ತಲೆಗೆ ಬರುತ್ತದೆ.

ಘಾಟಿಯಲ್ಲಿ ನ್ಯೂಟ್ರಲ್ ಏಕೆ ಬೇಡ?

ಚಾರ್ಮಾಡಿ ಅಥವಾ ಶಿರಾಡಿ ಇಳಿಯುವಾಗ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಮುಳ್ಳು 2,500 ತೋರಿಸಬಹುದು. ಆದರೆ ಆಗ ಇಂದಿನ ಎಂಜಿನ್‌ಗಳು ಪೆಟ್ರೋಲನ್ನೇ ನಿಲ್ಲಿಸುತ್ತವೆ, ಚಕ್ರಗಳೇ ಎಂಜಿನ್ ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಿ ಐಡಲ್ ನಡೆಸಲು ಪೆಟ್ರೋಲ್ ಬೇಕೇ ಬೇಕು. ಜೊತೆಗೆ ಎಂಜಿನ್ ಬ್ರೇಕಿಂಗ್ ತಪ್ಪಿ ಬ್ರೇಕ್ ಕಾಯುತ್ತದೆ, ಹಿಡಿತ ಕುಂದುತ್ತದೆ. ಆರ್‌ಪಿಎಂ ಹೆಚ್ಚಿದ್ದಾಗಲೆಲ್ಲ ಪೆಟ್ರೋಲ್ ಹೆಚ್ಚು ಖರ್ಚು ಎಂಬುದು ಸುಳ್ಳು.

ದೋಷವಿಲ್ಲದೆಯೂ ಮೈಲೇಜ್ ಇಳಿಯಬಹುದು

ಲೀಟರ್ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ ಶಕ್ತಿಯಿದೆ. ಹಾಗಾಗಿ ಶೇ 20 ಎಥನಾಲ್ ಬೆರೆತ ಇಂಧನದ ಶಕ್ತಿ ಶುದ್ಧ ಪೆಟ್ರೋಲಿಗಿಂತ ಸುಮಾರು ಶೇ 7 ಕಡಿಮೆ. ವೇಗವೂ ಮುಖ್ಯ: 80ರ ಬದಲು 120ರಲ್ಲಿ ಹೋದರೆ ಗಾಳಿಯ ತಡೆ 2.25 ಪಟ್ಟಾಗುತ್ತದೆ. ಟೈರ್ ಗಾಳಿ ಕಡಿಮೆ ಇರುವುದು, ಬ್ರೇಕ್ ಹಿಡಿದುಕೊಂಡಿರುವುದು ಸಹ ಕಾರಣಗಳೇ. ಡ್ಯಾಶ್‌ಬೋರ್ಡ್ ಅಂಕಿ ಬಿಟ್ಟು, ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಲೆಕ್ಕ ಹಾಕಿ. ಎರಡು ಮೂರು ಬಾರಿ ಮಾಡಿದರೆ ನಿಜ ತಿಳಿಯುತ್ತದೆ.

ತಕ್ಷಣ ನಿಲ್ಲಿಸಬೇಕಾದ ಸಂದರ್ಭ

ಕಾಲು ತೆಗೆದರೂ ಆರ್‌ಪಿಎಂ ಇಳಿಯದೆ ಕಾರು ಮುನ್ನುಗ್ಗಿದರೆ ಗಟ್ಟಿಯಾಗಿ ಬ್ರೇಕ್ ಒತ್ತಿ ಹಿಡಿಯಿರಿ, ಕ್ಲಚ್ ತುಳಿಯಿರಿ ಅಥವಾ ನ್ಯೂಟ್ರಲ್‌ಗೆ ಹಾಕಿ. ಇಲ್ಲಿ ಮಾತ್ರ ನ್ಯೂಟ್ರಲ್ ಸರಿ. ಬದಿಗೆ ನಿಂತ ಮೇಲೆ ಎಂಜಿನ್ ಆಫ್ ಮಾಡಿ. ಓಡುವಾಗಲೇ ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ನಿಂತ ಮೇಲೆ ಫ್ಲೋರ್ ಮ್ಯಾಟ್ ನೋಡಿ. ಮ್ಯಾಟ್ ಪೆಡಲ್‌ಗೆ ಸಿಕ್ಕಿಕೊಳ್ಳುವ ಅಪಾಯಕ್ಕಾಗಿ 2009ರಲ್ಲಿ ಅಮೆರಿಕದಲ್ಲಿ ಟೊಯೋಟಾ ಸುಮಾರು 38 ಲಕ್ಷ ವಾಹನಗಳ ರೀಕಾಲ್ ಘೋಷಿಸಬೇಕಾಯಿತು.

ಒಟ್ಟಿನಲ್ಲಿ, ಥರ್ಮೋಸ್ಟಾಟ್ ತೆಗೆಸಿ ಎನ್ನುವ ಸಲಹೆ ತಪ್ಪು. ಯಾವಾಗ ಏರುತ್ತದೆ ಎಂದು ಗಮನಿಸಿ, ಸ್ಕ್ಯಾನರ್ ಹಾಕಿಸಿ, ಆಮೇಲೆ ಪಾರ್ಟ್ ಬದಲಿಸಿ. ಆ ಮೂರು ಫಾರ್ವರ್ಡ್‌ಗಳಲ್ಲಿ ಯಾವುದು ಬಂದರೂ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇದನ್ನು ಕಳಿಸಿ.